55 ದಾಟಿದವರಿಗೆ ಮಾತ್ರ ಇರುವ ಅಪಾರ್ಟ್‌ಮೆಂಟಿಗೆ ಹೋಗುವುದಾ, ಕೊಡಗಿನ ಮನೆಯಲ್ಲೇ ಇರುವುದಾ?

ಕಕ್ಕಬೆ ಅಕ್ಕ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ನಮ್ಮ ಮನೆ ಕಕ್ಕಬೆ ಹತ್ತಿರ. ನನಗೆ 66, ನಮ್ಮ ಮನೆಯವರಿಗೆ 71. ಸ್ವಲ್ಪ ರೋಬಸ್ಟಾ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿಸಿದ ಕರಿಮೆಣಸು, ಒಂದಿಷ್ಟು ಗದ್ದೆ. ಗದ್ದೆ ಈಗ ಪಾಳು ಬಿದ್ದಿದೆ. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಿನಲ್ಲಿ. ಹೋದ ವರ್ಷ ಮನೆಯವರಿಗೆ ಎದೆನೋವು ಬಂದು ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಆಮೇಲಿಂದ ಮಗಳಿಗೆ ನೆಮ್ಮದಿ ಇಲ್ಲ. ಮೈಸೂರಿನ ಹೊರಗೆ 55 ವರ್ಷ ದಾಟಿದವರಿಗೆ ಅಂತಲೇ ಕಟ್ಟಿರುವ ಒಂದು ಅಪಾರ್ಟ್‌ಮೆಂಟ್ ಹುಡುಕಿದ್ದಾಳೆ. ನಾವೂ ಹೋಗಿ ನೋಡಿ ಬಂದೆವು.

ಜಾಗ ಚೆನ್ನಾಗಿದೆ. ಎಲ್ಲೂ ಹೊಸ್ತಿಲು ಇಲ್ಲ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ, ಹಾಸಿಗೆ ಪಕ್ಕದಲ್ಲಿ ಎಳೆದರೆ ಗಂಟೆ ಹೊಡೆಯುವ ದಾರ. ಊಟದ ಹಾಲ್ ಇದೆ, ನರ್ಸ್ ಇದ್ದಾರೆ, ವಾರಕ್ಕೆರಡು ಸಲ ಡಾಕ್ಟರ್ ಬರುತ್ತಾರೆ. ಗಂಡ ಹೆಂಡತಿಯಲ್ಲಿ ಒಬ್ಬರಿಗಾದರೂ 55 ಆಗಿರಬೇಕು. ಮಕ್ಕಳು ಮೊಮ್ಮಕ್ಕಳು ಬಂದು ಹೋಗಬಹುದು, ಕಾಯಂ ಇರುವ ಹಾಗಿಲ್ಲ.

ಮನೆಯವರನ್ನು ಕೇಳಿದರೆ "ನಿನ್ನಿಷ್ಟ" ಅಂತಾರೆ. ಅಂದರೆ ಅವರಿಗೆ ಮನಸ್ಸಿಲ್ಲ.

ನನಗೂ ಪೂರ್ತಿ ಮನಸ್ಸಿದೆ ಅಂತಲ್ಲ. ಆದರೆ ಮಳೆಗಾಲ ನೆನೆಸಿಕೊಂಡರೆ ಭಯ. ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಇನ್ವರ್ಟರ್ ಎರಡನೇ ದಿನಕ್ಕೆ ಕೈಕೊಡುತ್ತದೆ. ಟವರ್ ಆಫ್ ಆದರೆ ಫೋನೂ ಇಲ್ಲ. ಮಡಿಕೇರಿಗೆ ಒಂದು ಗಂಟೆಗೂ ಜಾಸ್ತಿ ದಾರಿ. ಮನೆಯವರಿಗೆ ರಾತ್ರಿ ಗಾಡಿ ಓಡಿಸಲು ಕಣ್ಣು ಸರಿಯಾಗಿ ಕಾಣುವುದಿಲ್ಲ, ನನಗೆ ಡ್ರೈವಿಂಗ್ ಬರುವುದಿಲ್ಲ.

ಅಂಥ ಕಡೆ ಇರುವವರು, ಅಪ್ಪ ಅಮ್ಮನನ್ನು ಕಳಿಸಿದವರು, ಬೇಡ ಅಂತ ಬಿಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಾರಂಗಿ ದಂಡೆ

ಅಕ್ಕ, ನೇರವಾಗಿ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ವಯಸ್ಸಾದವರನ್ನೆಲ್ಲ ಒಂದೇ ಕಾಂಪೌಂಡಿನೊಳಗೆ ಸೇರಿಸುವುದು ನನಗೆ ಒಪ್ಪಿಗೆ ಇಲ್ಲ. ಬೆಳಗ್ಗೆ ಎದ್ದರೆ ಬಿಪಿ, ಶುಗರ್, ಮಂಡಿನೋವಿನ ಮಾತು. ಸ್ಕೂಲ್ ಬಸ್ಸಿನ ಹಾರನ್ ಇಲ್ಲ, ಗಲ್ಲಿಯಲ್ಲಿ ಕ್ರಿಕೆಟ್ ಆಡುವ ಹುಡುಗರಿಲ್ಲ. ತಿಂಗಳಿಗೊಂದು ಸಾವು ನೋಡಬೇಕು. ಮನುಷ್ಯ ಎಲ್ಲ ವಯಸ್ಸಿನವರ ಮಧ್ಯೆ ಇದ್ದರೇ ಚೆಂದ.

ಕಕ್ಕಬೆಯಲ್ಲಿ ಇಬ್ಬರೇ ಇರುವುದು ಕಷ್ಟ ಅನ್ನುವುದು ನಿಜ. ಅದಕ್ಕೆ ಕುಶಾಲನಗರಕ್ಕೆ ಬನ್ನಿ. ಒಂದು ಚಿಕ್ಕ ಮನೆ ಬಾಡಿಗೆಗೆ ಹಿಡಿಯಿರಿ. ಮಳೆ ನಿಮ್ಮ ಕಡೆಗಿಂತ ಎಷ್ಟೋ ಕಡಿಮೆ, ನೆಲ ಸಮತಟ್ಟು, ಅಂಗಡಿ, ಮೆಡಿಕಲ್ ಶಾಪ್ ನಡೆದು ಹೋಗುವ ದೂರ. ಮೈಸೂರಿಗೆ ಎರಡು ಗಂಟೆ ದಾರಿ. ನಿಮ್ಮ ಅಡಿಗೆಮನೆ ನಿಮ್ಮದು, ತಿನ್ನುವುದು ನಿಮ್ಮಿಷ್ಟ. ಪುತ್ತರಿ, ಕೈಲ್ ಮುಹೂರ್ತದ ಹಬ್ಬಕ್ಕೆ ಬೆಳಗ್ಗೆ ಹೊರಟರೆ ಕುಟುಂಬದ ಮೂಲಮನೆಯಾದ ಐನ್‌ಮನೆ ಮುಟ್ಟಬಹುದು. ಒಂದೇ ಎಚ್ಚರ: ಹೊಳೆ ಬದಿಯ ಬಡಾವಣೆ ಬೇಡ. 2018ರಲ್ಲೂ 2019ರಲ್ಲೂ ಕಾವೇರಿ ನೀರು ಮನೆಗಳಿಗೆ ನುಗ್ಗಿದ್ದನ್ನು ನಾನೇ ನೋಡಿದ್ದೇನೆ. ಸ್ವಲ್ಪ ಎತ್ತರದ ಜಾಗ ನೋಡಿ.

ಮೈಸೂರಿನಲ್ಲಿ ಅಮ್ಮತ್ತಿಯವಳು

ನಾನು ಅಮ್ಮತ್ತಿ ಕಡೆಯವಳು. ಈಗ ಕೆಲವು ವರ್ಷದಿಂದ ಮೈಸೂರಿನಲ್ಲಿ ಇಂಥದ್ದೇ ಒಂದು ಕಡೆ ಇದ್ದೇನೆ. ಹೆಸರು ಹೇಳುವುದಿಲ್ಲ. ಬಂದಾಗ ನಾವಿಬ್ಬರೂ ಇದ್ದೆವು. ಈಗ ನಾನೊಬ್ಬಳೇ.

ಮೊದಲು ಒಳ್ಳೆಯದು ಹೇಳುತ್ತೇನೆ. ನಾವು ಬಂದ ಎರಡನೇ ವರ್ಷ ಇವರು ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರು. ಸೊಂಟದ ಮೂಳೆ. ಅವರು ಆರಡಿ ಆಳು, ನನ್ನ ಕೈಲಿ ಒಂದು ಇಂಚೂ ಅಲ್ಲಾಡಿಸಲು ಆಗಲಿಲ್ಲ. ದಾರ ಎಳೆದೆ. ಕೆಳಗಿನಿಂದ ನರ್ಸ್ ಹುಡುಗಿಯೂ ವಾಚ್‌ಮನ್ನೂ ಓಡಿ ಬಂದರು. ಆ ಹುಡುಗಿ ಎತ್ತಲು ಬಿಡಲಿಲ್ಲ. ಮೊದಲು ನೆಲದ ಮೇಲೇ ಕಾಲಿನ ಎರಡೂ ಬದಿಗೆ ದಿಂಬು ಕೊಟ್ಟಳು, ಶಾಲು ಹೊದಿಸಿದಳು, ಬಿಪಿ ನೋಡಿದಳು. ಆಮೇಲೆ ಆಂಬ್ಯುಲೆನ್ಸಿನವರು ಸ್ಟ್ರೆಚರನ್ನು ಬಾತ್‌ರೂಮಿನ ಬಾಗಿಲೊಳಗೇ ತಂದರು. ಬಾಗಿಲು ಅಷ್ಟು ಅಗಲ ಇತ್ತು. ನಮ್ಮ ಅಮ್ಮತ್ತಿ ಮನೆಯ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕಿತ್ತು, ಬಾಗಿಲು ಬಗ್ಗಿ ಹೋಗುವಷ್ಟು ಗಿಡ್ಡ. ಅಲ್ಲಿ ಬಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಈಗಲೂ ಯೋಚಿಸುತ್ತೇನೆ.

ಆಪರೇಷನ್ ಆಯಿತು, ಆದರೆ ಅವರು ಜಾಸ್ತಿ ದಿನ ಉಳಿಯಲಿಲ್ಲ. ಆಮೇಲಿನ ಮಾತು ಹೇಳುತ್ತೇನೆ, ಅದೇ ಮುಖ್ಯ. ಹದಿನೈದು ದಿನ ನಾನು ಊಟದ ಹಾಲಿಗೆ ಹೋಗಲಿಲ್ಲ. ಎದುರು ಮನೆಯ ಒಬ್ಬರು ದಿನಾ ಕ್ಯಾರಿಯರ್ ತಂದು ಮೇಜಿನ ಮೇಲೆ ಇಟ್ಟು, ಏನೂ ಮಾತಾಡದೆ, ನಾನು ತಿನ್ನುವವರೆಗೆ ಕೂತಿರುತ್ತಿದ್ದರು. ಅವರ ಯಜಮಾನರೂ ಅಲ್ಲೇ ತೀರಿಕೊಂಡವರು. ನಮ್ಮ ನೆಂಟರು ತುಂಬಾ ಒಳ್ಳೆಯವರು, ಹನ್ನೊಂದನೇ ದಿನದವರೆಗೆ ಎಲ್ಲರೂ ಇದ್ದರು. ಹನ್ನೆರಡನೇ ದಿನ ಅವರವರ ತೋಟ, ಅವರವರ ಕೆಲಸ. ಅದು ತಪ್ಪಲ್ಲ. ಆದರೆ ಹನ್ನೆರಡನೇ ದಿನದಿಂದ ಆಚೆಗೆ ಯಾರು ಅನ್ನುವುದು ನೋಡಬೇಕು ಅಲ್ವಾ?

ಈಗ ಕಷ್ಟ. ಹಾಲಿನಲ್ಲಿ ಸಸ್ಯಾಹಾರ ಮಾತ್ರ. ನಮ್ಮ ಮನೆಯೊಳಗೆ ಏನು ಬೇಕಾದರೂ ಮಾಡಿಕೊಳ್ಳಬಹುದು, ಹಾಗಾಗಿ ಹುಳಿಗೆ ಹಾಕುವ ನನ್ನ ಕಾಚಂಪುಳಿ ಬಾಟಲಿ ಇಲ್ಲೂ ಇದೆ, ಪಂದಿ ಕರಿಯೂ (ಹಂದಿ ಮಾಂಸದ ಸಾರು) ಆಗುತ್ತದೆ. ಆದರೆ ನಾವು ನೋಡಿದ ಇನ್ನೊಂದು ಕಡೆ ಮನೆಯೊಳಗೂ ಮಾಂಸ ಬೇಯಿಸಬಾರದು ಅಂತ ನಿಯಮದ ಪುಸ್ತಕದಲ್ಲೇ ಇತ್ತು. ಮಾರಾಟದ ಹುಡುಗ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಓದಿದಾಗ ಸಿಕ್ಕಿತು. ಕೊಡಗಿನವರು ಮೊದಲು ಕೇಳಬೇಕಾದದ್ದು ಇದನ್ನೇ. ಇನ್ನೊಂದು, ನಮ್ಮ ಭಾಷೆ ಕೊಡವ ತಕ್ಕ್ ಮಾತಾಡಲು ಇಲ್ಲಿ ಯಾರೂ ಇಲ್ಲ. ಮುಂಬೈ, ಚೆನ್ನೈ, ದೆಹಲಿಯಿಂದ ಬಂದವರು ಜಾಸ್ತಿ. ದಿನವಿಡೀ ಇಂಗ್ಲಿಷ್, ಹಿಂದಿ. ರಾತ್ರಿ ತಂಗಿಗೆ ಫೋನ್ ಮಾಡಿದ ಮೇಲೇ ನನ್ನ ಬಾಯಿಗೆ ಸಮಾಧಾನ.

ಹಾರಂಗಿ ದಂಡೆಯವರಿಗೆ ಒಂದು ಮಾತು. ಮಕ್ಕಳಿಲ್ಲದ ಜಾಗ ಅಂದಿರಿ. ಅಣ್ಣ, ನಮ್ಮ ಊರುಗಳಲ್ಲಿ ಮಕ್ಕಳೆಲ್ಲಿದ್ದಾರೆ? ನಮ್ಮ ರಸ್ತೆಯಲ್ಲಿ ಸಾಲಾಗಿ ಇರುವ ಮನೆಗಳಲ್ಲಿ ನಾವು ಹೊರಡುವಾಗ ಎಲ್ಲ ಕಡೆಯೂ ಗಂಡ ಹೆಂಡತಿ ಇಬ್ಬರೇ, ಇಲ್ಲವೇ ಒಬ್ಬರೇ. ಸರ್ಕಾರಿ ಶಾಲೆಗೆ ಬರುತ್ತಿದ್ದದ್ದು ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳು ಮಾತ್ರ. ಯಾರೂ ಬೋರ್ಡ್ ಹಾಕಿಲ್ಲ ಅಷ್ಟೇ, ಕೊಡಗಿನ ಎಷ್ಟೋ ಊರು ಈಗಾಗಲೇ 55 ದಾಟಿದವರ ಊರು. ನರ್ಸ್ ಇಲ್ಲ, ದಾರ ಇಲ್ಲ, ಪಕ್ಕದ ಮನೆ ಕೂಗಿದರೆ ಕೇಳಿಸುವಷ್ಟು ಹತ್ತಿರವೂ ಇಲ್ಲ.

ಹಾರಂಗಿ ದಂಡೆ

ಅಕ್ಕ, ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಅಣ್ಣನ ಮನೆ ಮಾದಾಪುರದ ಕಡೆ, ಅಲ್ಲೂ ಹೀಗೇ. ಆದರೂ ಪೇಟೆಯಲ್ಲಿ ಮಕ್ಕಳಿದ್ದಾರೆ, ಅದಕ್ಕೇ ಪೇಟೆ ಅಂದೆ.

ಕಾಗದಪತ್ರ

ರಿಜಿಸ್ಟ್ರೇಷನ್ ಕೆಲಸದಲ್ಲಿ ಜೀವಮಾನ ಕಳೆದವನು ನಾನು. ಭಾವನೆ ವಿಷಯ ನೀವೆಲ್ಲ ಮಾತಾಡಿದ್ದೀರಿ, ನಾನು ಕಾಗದ ಮಾತ್ರ ಮಾತಾಡುತ್ತೇನೆ.

ನಮ್ಮ ದೇಶದಲ್ಲಿ "55ರ ಮೇಲಿನವರಿಗೆ ಮಾತ್ರ" ಅನ್ನುವುದಕ್ಕೆ ಅಂತಲೇ ಬೇರೆ ಕಾನೂನು ಇಲ್ಲ. ಅಮೆರಿಕದಲ್ಲಿ ಇದೆ. ಅಲ್ಲಿ 1995ರ ಕಾನೂನಿನ ಪ್ರಕಾರ, ಜನ ವಾಸವಿರುವ ಮನೆಗಳಲ್ಲಿ ಕನಿಷ್ಠ ಶೇ 80ರಲ್ಲಿ 55 ದಾಟಿದ ಒಬ್ಬರಾದರೂ ಇರಬೇಕು, ಆಗ ಮಾತ್ರ ಮಕ್ಕಳಿರುವ ಸಂಸಾರಕ್ಕೆ ಮನೆ ಇಲ್ಲ ಅನ್ನಬಹುದು. ನಮ್ಮಲ್ಲಿ ಈ ಷರತ್ತು ಬರುವುದು ಕ್ರಯಪತ್ರದಿಂದ, ಇಲ್ಲವೇ ಅಲ್ಲಿನ ನಿವಾಸಿಗಳ ಅಸೋಸಿಯೇಷನ್ ಬೈಲಾದಿಂದ (ನಿಯಮಾವಳಿಯಿಂದ). ಹಾಗಾಗಿ ಆ ಎರಡು ಕಾಗದದಲ್ಲಿ ಏನು ಬರೆದಿದೆಯೋ ಅದೇ ನಿಮ್ಮ ಕಾನೂನು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಒಂದು ಮಾದರಿ ಮಾರ್ಗಸೂಚಿ ಕೊಟ್ಟಿದೆ. ಕಟ್ಟುವವರು, ಸೇವೆ ಕೊಡುವವರು, ಮನೆ ತಗೊಳ್ಳುವವರು ಮೂವರೂ ಸಹಿ ಹಾಕುವ ಒಪ್ಪಂದ ಇರಬೇಕು ಅಂತ ಅದರಲ್ಲಿದೆ. ಅದು ಮಾದರಿ ಅಷ್ಟೇ. ಆದರೂ "ಅಂಥ ಮೂರು ಕಡೆಯ ಒಪ್ಪಂದ ನಿಮ್ಮಲ್ಲಿದೆಯಾ" ಅಂತ ಕೇಳಿ ನೋಡಿ. ಉತ್ತರದಲ್ಲೇ ಅವರ ಹಣೆಬರಹ ಗೊತ್ತಾಗುತ್ತದೆ.

ಕಕ್ಕಬೆ ಅಕ್ಕ, ಅಲ್ಲಿ ಮನೆ ಕ್ರಯಕ್ಕೆ ಕೊಡುತ್ತಾರಾ, ಡೆಪಾಸಿಟ್ ಇಟ್ಟು ಲೀಸಿಗಾ, ತಿಂಗಳ ಬಾಡಿಗೆಗಾ? ನೀವು ಬರೆದಿಲ್ಲ. ಇದರ ಮೇಲೆ ಎಲ್ಲ ನಿಂತಿದೆ. ಕ್ರಯ ಆದರೆ ರೇರಾ (ಮನೆ ಕಟ್ಟಿ ಮಾರುವವರ ಮೇಲಿನ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಇನ್ನೂ ಕಟ್ಟುತ್ತಿರುವ ಮನೆಯಾದರೆ, ಕರಾರು ರಿಜಿಸ್ಟರ್ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ಅವರು ಕೇಳುವ ಹಾಗಿಲ್ಲ. ಡೆಪಾಸಿಟ್ ಆದರೆ, ನೀವು ಬಿಟ್ಟಾಗ ಎಷ್ಟು ಕಡಿತ, ಎಷ್ಟು ತಿಂಗಳಲ್ಲಿ ವಾಪಸ್, ಬೇರೆಯವರು ಆ ಮನೆಗೆ ಬಂದ ಮೇಲೇ ಕೊಡುವುದಾ, ಇಷ್ಟೂ ಬರವಣಿಗೆಯಲ್ಲಿ ಬೇಕು. ಒಂದು ವರ್ಷ ದಾಟಿದ ಲೀಸ್ ರಿಜಿಸ್ಟರ್ ಆಗಲೇಬೇಕು. ನೂರು ರೂಪಾಯಿ ಛಾಪಾಕಾಗದದಲ್ಲಿ ಬರೆದು ನೋಟರಿ ಸೀಲ್ ಹಾಕಿ ಕೊಟ್ಟರೆ ಒಪ್ಪಬೇಡಿ.

ಕ್ರಯಕ್ಕೆ ತಗೊಂಡರೆ ನಿಮ್ಮ ನಂತರ ಆ ಮನೆ ಮಕ್ಕಳಿಗೆ ಬರುತ್ತದೆ. ಆದರೆ 40 ವರ್ಷದ ಮಗಳು ಅಲ್ಲಿ ವಾಸ ಮಾಡುವ ಹಾಗಿಲ್ಲ. ಮಾರಬೇಕು, ಇಲ್ಲ 55 ದಾಟಿದವರಿಗೆ ಬಾಡಿಗೆಗೆ ಕೊಡಬೇಕು. ಕೊಳ್ಳುವವರು ಕಡಿಮೆ, ಮಾರಲು ತಡ ಆಗುತ್ತದೆ. ಅಲ್ಲಿಯವರೆಗೂ ತಿಂಗಳ ಮೇಂಟೆನೆನ್ಸ್ ಕಟ್ಟುತ್ತಿರಬೇಕು. ಅಸೋಸಿಯೇಷನ್‌ಗೆ ಕಟ್ಟುವ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಕೊನೆಯದು, ತೋಟ. ಊರು ಬಿಡುತ್ತಿದ್ದೇವೆ ಅಂತ ಈಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಬೇಡಿ. ಮಾಡಲೇಬೇಕು ಅಂತಿದ್ದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿದೆ. ಆದರೆ ಕೋರ್ಟಿನ ಉದಾರತೆ ನಂಬಿ ಕೂರುವುದಕ್ಕಿಂತ ಒಂದು ಸಾಲು ಬರೆಸುವುದು ಸುಲಭ. ಜಮ್ಮಾ ಆಸ್ತಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಆದರೆ ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕಿನ ಪ್ರಶ್ನೆಯೂ ಬರುತ್ತದೆ. ಅದಕ್ಕೆ ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಇಂಥ ಕೇಸ್ ನೋಡಿದ ವಕೀಲರ ಹತ್ತಿರ ಒಂದು ಸಲ ಕೂತು ಮಾತಾಡಿ.

ಬೆಂಗಳೂರಿನ ಮಗಳು

ಆಂಟಿ, ನಿಮ್ಮ ಮಗಳ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ನಮ್ಮ ಮನೆ ಶಾಂತಳ್ಳಿ ಕಡೆ. ಜುಲೈ ತಿಂಗಳಲ್ಲಿ ಅಮ್ಮನಿಗೆ ಫೋನ್ ಹೋಗದಿದ್ದರೆ ನಾನು ಆಫೀಸಿನಲ್ಲಿ ಒಂದು ಮೀಟಿಂಗಿನಲ್ಲೂ ಸರಿಯಾಗಿ ಕೂರುತ್ತಿರಲಿಲ್ಲ. ಮೊದಲು ಅಪ್ಪನ ನಂಬರ್, ಆಮೇಲೆ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ನಂಬರ್, ಆಮೇಲೆ ಸೋಮವಾರಪೇಟೆಯ ಔಷಧಿ ಅಂಗಡಿಯವರ ನಂಬರ್. ಯಾವುದೂ ಹೋಗದಿದ್ದರೆ ಕಾರು ತೆಗೆಯುವುದು. ಹೋಗಿ ನೋಡಿದರೆ ಅಮ್ಮ ಆರಾಮಾಗಿ ಒಲೆ ಮುಂದೆ ಕೂತಿರುತ್ತಿದ್ದರು.

ಅವರಿಬ್ಬರೂ ಈಗ ಒಂದು ಹಿರಿಯರ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಊರಿನಲ್ಲಿ "ಮಕ್ಕಳು ತಳ್ಳಿಬಿಟ್ಟರು" ಅಂತ ಆಡಿಕೊಂಡವರಿದ್ದಾರೆ. ಅಮ್ಮನಿಗೆ ಅದರಿಂದ ನೋವಾಯಿತು. ಆದರೆ ನಾನು ನನ್ನ ಬೆಂಗಳೂರಿನ ಮನೆಗೆ ಕರೆದಾಗ ಬೇಡ ಅಂದವರೂ ಅಮ್ಮನೇ. ಮಗಳ ಮನೆಯಲ್ಲಿ ಹತ್ತನೇ ಮಹಡಿಯಲ್ಲಿ ನಾವು ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಸಂಜೆವರೆಗೆ ಇಬ್ಬರೇ ಟಿವಿ ಮುಂದೆ. ಅದಕ್ಕಿಂತ ಇದು ವಾಸಿ ಅಂತ ಅವರೇ ತೀರ್ಮಾನ ಮಾಡಿದ್ದು.

ಅಮ್ಮ ಎರಡು ತಿಂಗಳಲ್ಲಿ ಹೊಂದಿಕೊಂಡರು. ಭಜನೆ, ವಾಕಿಂಗ್, ಹೊಲಿಗೆ. ಅಪ್ಪನಿಗೆ ಆಗಲಿಲ್ಲ. ಅಲ್ಲಿ ಅಪ್ಪನಿಗೆ ಕೆಲಸ ಇರಲಿಲ್ಲ. ಜೀವನಪೂರ್ತಿ ಬೆಳಗ್ಗೆ ಎಂಟಕ್ಕೆ ಆಳುಗಳ ಹಾಜರಿ ಹಾಕಿದವರು, ನೆರಳು ಮರದ ಕೊಂಬೆ ಯಾವಾಗ ಕಡಿಸಬೇಕು, ಕಾಫಿ ಹೂ ಬಿಡಲು ಬೇಕಾದ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು ಅಂತ ಲೆಕ್ಕ ಹಾಕಿದವರು. ಹತ್ತು ಗಂಟೆಗೆ ಪೇಪರ್ ಓದಿ ಮುಗಿದರೆ ಆಮೇಲೆ ಏನು? ತೂಕ ಇಳಿಯಿತು, ಮಾತು ಕಡಿಮೆ ಆಯಿತು. ನಾವು ಹೆದರಿದೆವು. ಆಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿ ಕಾಂಪೌಂಡಿನ ಹಿಂದಿನ ಖಾಲಿ ಜಾಗ ಕೇಳಿದೆವು. ಈಗ ಅಲ್ಲಿ ಅಪ್ಪನ ನರ್ಸರಿ ಇದೆ. ಪ್ಲಾಸ್ಟಿಕ್ ಕವರುಗಳಲ್ಲಿ ಬಟರ್‌ಫ್ರೂಟ್ ಗಿಡ, ಕಿತ್ತಳೆ ಗಿಡ, ಬಾಗಿಲ ಬಳಿ ಗೊಬ್ಬರದ ಗುಂಡಿ. ಬೆಳಗ್ಗೆ ಗಮ್‌ಬೂಟ್ ಹಾಕಿಕೊಂಡು ಹೊರಡುತ್ತಾರೆ.

ಆದ್ದರಿಂದ ಅಂಕಲ್ ಅಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಏನು ಮಾಡುತ್ತಾರೆ ಅಂತ ಮೊದಲು ಯೋಚಿಸಿ ಆಂಟಿ. ನರ್ಸು, ಲಿಫ್ಟು ಎಲ್ಲ ಆಮೇಲೆ.

ಕಕ್ಕಬೆ ಅಕ್ಕ

ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ನರ್ಸರಿ ವಿಷಯ ಬಂದಾಗ ಇನ್ನೊಂದು ಸಲ ಓದು ಅಂದರು. ಆಮೇಲೆ ಮೊದಲ ಸಲ ಬಾಯಿಬಿಟ್ಟು ಮಾತಾಡಿದರು. ಅವರಿಗೆ ಇರುವ ಸಂಕಟ ತೋಟದ್ದು. ಜನವರಿಯಿಂದ ಮಾರ್ಚ್‌ವರೆಗೆ ಕುಯ್ಲಿನಲ್ಲಿ ಯಜಮಾನ ಇಲ್ಲದಿದ್ದರೆ ಕಣದಲ್ಲಿ ಕಾಫಿ ಉಳಿಯುವುದಿಲ್ಲ ಅಂತ. ಅದು ನಿಜವೇ.

ಕಾಗದಪತ್ರ ಸರ್, ವಿಚಾರಿಸಿದೆ. ಕ್ರಯಕ್ಕೂ ಕೊಡುತ್ತಾರೆ, ತಿಂಗಳ ಬಾಡಿಗೆಗೂ ಕೆಲವು ಮನೆ ಇವೆಯಂತೆ. ಬಾಡಿಗೆ ಮನೆ ಕನಿಷ್ಠ ಮೂರು ತಿಂಗಳಿಗೆ. ಊಟ, ನರ್ಸ್, ಮೇಂಟೆನೆನ್ಸ್, ಬಾಡಿಗೆ ಎಲ್ಲ ಸೇರಿ ಇಬ್ಬರಿಗೆ ತಿಂಗಳಿಗೆ 60 ಸಾವಿರದ ಹತ್ತಿರ ಹೇಳಿದರು.

ಸೋಮವಾರಪೇಟೆ ಮೇಷ್ಟ್ರು

ಲೆಕ್ಕ ಹಾಕೋಣ. ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಇರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಆ ವರ್ಷದ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2 ಆಯಿತು. ಆ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500. ಇಬ್ಬರೂ ಪೂರ್ತಿ ಇಟ್ಟರೂ 41 ಸಾವಿರ, ಅದಕ್ಕೂ ತೆರಿಗೆ ಉಂಟು. ಆ 60 ಸಾವಿರಕ್ಕೆ ಸಾಲುವುದಿಲ್ಲ.

ಇಟ್ಟ ದುಡ್ಡಿಗೆ ಐದು ವರ್ಷವೂ ಬಡ್ಡಿ ದರ ಅದೇ, ಏರುವುದಿಲ್ಲ. ಖರ್ಚು ಏರುತ್ತಲೇ ಇರುತ್ತದೆ. ವರ್ಷಕ್ಕೆ ಶೇ 8 ಏರಿದರೆ ಒಂಬತ್ತು ವರ್ಷಕ್ಕೆ 60 ಸಾವಿರ ಇದ್ದದ್ದು 1 ಲಕ್ಷ 20 ಸಾವಿರ ಆಗುತ್ತದೆ. ಆಗ ಅಕ್ಕನಿಗೆ 75. ಆ ವಯಸ್ಸಿನಲ್ಲಿ ದುಡ್ಡು ಸಾಲುತ್ತಿಲ್ಲ ಅಂತ ಮನೆ ಖಾಲಿ ಮಾಡುವ ಸ್ಥಿತಿ ಯಾರಿಗೂ ಬರಬಾರದು. ಒಪ್ಪಂದದಲ್ಲಿ ವರ್ಷಕ್ಕೆ ಎಷ್ಟರವರೆಗೆ ಏರಿಸಬಹುದು ಅಂತ ಮಿತಿ ಇದೆಯಾ, ಅದನ್ನು ನೋಡಿ. 2024ರ ಸುಮಾರಿಗೆ ರೋಬಸ್ಟಾಗೆ ಯಾವತ್ತೂ ಕಾಣದ ರೇಟ್ ಸಿಕ್ಕಿತು. ಆ ರೇಟ್ ನಂಬಿ ಮಾತ್ರ ಲೆಕ್ಕ ಹಾಕಬೇಡಿ. ಕೆ.ಜಿ.ಗೆ ಏನೂ ಸಿಗದ ವರ್ಷಗಳನ್ನೂ ನಾವು ನೋಡಿದ್ದೇವೆ.

ಮೈಸೂರಿನಲ್ಲಿ ಅಮ್ಮತ್ತಿಯವಳು

ಮೇಷ್ಟ್ರು ಹೇಳಿದ್ದು ಸತ್ಯ. ನಮ್ಮಲ್ಲಿ ಮೊದಲು ಸೇವೆ ನೋಡಿಕೊಳ್ಳುತ್ತಿದ್ದ ಕಂಪನಿ ಬಿಟ್ಟು ಹೋಯಿತು. ಹೊಸದಾಗಿ ಬಂದವರು ಬಂದ ವರ್ಷವೇ ಏರಿಸಿದರು, ರಾತ್ರಿಯ ಇಬ್ಬರು ನರ್ಸ್ ಇದ್ದದ್ದು ಒಬ್ಬರಾದರು. ನಾವೆಲ್ಲ ಸೇರಿ ಅಸೋಸಿಯೇಷನ್‌ನಲ್ಲಿ ಜಗಳ ಆಡಿ ಮತ್ತೆ ಇಬ್ಬರನ್ನು ಹಾಕಿಸಿದೆವು. ಅಸೋಸಿಯೇಷನ್ ಗಟ್ಟಿ ಇದೆಯಾ, ಅದರ ಸಭೆ ನಡೆಯುತ್ತದಾ ಅಂತ ಅಲ್ಲಿರುವವರನ್ನೇ ಕೇಳಿ. ಆಫೀಸಿನವರನ್ನಲ್ಲ.

ಗೋಣಿಕೊಪ್ಪ ಸಿಸ್ಟರ್

ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿ ಆದವಳು. ಅಕ್ಕ, ನೀವು ಹೇಳಿದ "ನರ್ಸ್ ಇದ್ದಾರೆ" ಅನ್ನುವ ಮಾತು ಸಾಲದು. ರಾತ್ರಿ ಹನ್ನೆರಡರ ಮೇಲೆ ಯಾರಿರುತ್ತಾರೆ? ಅವರು ಓದಿದ ನರ್ಸಾ, ಸುಮ್ನೆ ತರಬೇತಿ ಕೊಟ್ಟ ಸಹಾಯಕಿಯಾ? ಇಸಿಜಿ ಮಷಿನ್ ಇದೆಯಾ, ಆಕ್ಸಿಜನ್ ಇದೆಯಾ? ಆಂಬ್ಯುಲೆನ್ಸ್ ಗೇಟಿನಲ್ಲೇ ನಿಂತಿರುತ್ತದಾ, ಫೋನ್ ಮಾಡಿ ಕರೆಸುವುದಾ? ಡ್ರೈವರ್ ರಾತ್ರಿ ಅಲ್ಲೇ ಮಲಗುತ್ತಾನಾ?

ಸ್ಟ್ರೋಕ್ ಆದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಅಷ್ಟರಲ್ಲಿ ಸಿಟಿ ಸ್ಕ್ಯಾನ್ ಆಗಿ, ಡಾಕ್ಟರ್ ನೋಡಿರಬೇಕು. ಕಕ್ಕಬೆಯಿಂದ ಮಳೆಯಲ್ಲಿ, ಕತ್ತಲಲ್ಲಿ, ರಸ್ತೆಗೆ ಮರ ಬಿದ್ದಿರುವಾಗ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮಡಿಕೇರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಮೊದಲಿಗಿಂತ ಎಷ್ಟೋ ವಾಸಿ. ಆದರೂ ದೊಡ್ಡ ಹೃದಯದ ತೊಂದರೆಗೆ, ತಲೆಯ ತೊಂದರೆಗೆ ಮೈಸೂರಿಗೋ ಮಂಗಳೂರಿಗೋ ಓಡುವುದು ತಪ್ಪಿಲ್ಲ. ನಿಮ್ಮವರಿಗೆ ಸ್ಟೆಂಟ್ ಆಗಿದೆ. ಹಾಗಾಗಿ ನನ್ನ ಮತ ಮೈಸೂರಿಗೇ.

ಆದರೆ ಒಂದು ಪ್ರಶ್ನೆ ಕೇಳದೆ ಸಹಿ ಹಾಕಬೇಡಿ. ನಾಳೆ ಇಬ್ಬರಲ್ಲಿ ಒಬ್ಬರಿಗೆ ಮರೆವಿನ ಕಾಯಿಲೆ ಬಂದರೆ, ಇಲ್ಲ ಹಾಸಿಗೆ ಹಿಡಿದರೆ, ಅಲ್ಲೇ ಇಟ್ಟುಕೊಳ್ಳುತ್ತಾರಾ? ಎಷ್ಟೋ ಕಡೆ ತನ್ನ ಕೆಲಸ ತಾನು ಮಾಡಿಕೊಳ್ಳುವವರಿಗೆ ಮಾತ್ರ ಜಾಗ. ಅದಾಗದಿದ್ದರೆ ಸ್ವಂತ ಖರ್ಚಿನಲ್ಲಿ ಆಳು ಇಟ್ಟುಕೊಳ್ಳಿ, ಇಲ್ಲ ಬೇರೆ ಕಡೆ ನೋಡಿಕೊಳ್ಳಿ ಅಂತಾರೆ. ನಾನು ಕಂಡ ಒಬ್ಬರು ಅಜ್ಜನಿಗೆ ಮರೆವು ಶುರುವಾಗಿ, ರಾತ್ರಿ ಬೇರೆಯವರ ಬಾಗಿಲು ಬಡಿಯುತ್ತಿದ್ದರು. ದೂರು ಬಂದು ಬಂದು, ಕೊನೆಗೆ ಮಗ ಕೆಲಸಕ್ಕೆ ರಜೆ ಹಾಕಿ ಬಂದು ಕರೆದುಕೊಂಡು ಹೋಗಬೇಕಾಯಿತು. ಯಾವ ಕಷ್ಟಕ್ಕೆ ಅಂತ ಹೋದರೋ ಆ ಕಷ್ಟ ಬಂದಾಗಲೇ ಹೊರಗೆ.

ಹೋಗುವುದಾದರೂ ಬಿಡುವುದಾದರೂ, ಈ ವಾರವೇ ಬಚ್ಚಲಿಗೆ ಕಂಬಿ ಹಾಕಿಸಿ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಉರಿಯುವ ಸಣ್ಣ ಬ್ಯಾಟರಿ ದೀಪ ಇಡಿ. ಹಿರಿಯರ ಸಹಾಯವಾಣಿ 14567 ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಸಿಗುತ್ತಾರೆ. ತುರ್ತಿಗೆ 108.

ಮಕ್ಕಂದೂರಿನವನು

ನಾನು ಜಾಸ್ತಿ ಬರೆಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಕುಸಿದು ಬಂತು. ಅಪ್ಪನಿಗೆ ಆಗ 78. ಉಟ್ಟ ಬಟ್ಟೆಯಲ್ಲಿ ಎತ್ತಿಕೊಂಡು ಬಂದೆವು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಚಾಪೆ ಮೇಲೆ ಮಲಗಿದರು. ಎಲ್ಲಿ ಇರಬೇಕು ಅಂತ ಅವರನ್ನು ಯಾರೂ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಆಮೇಲೆ ಬಾಡಿಗೆ ಮನೆ, ಆಮೇಲೆ ತಂಗಿ ಮನೆ. ಎಲ್ಲ ಕಡೆಯೂ ನೆಂಟನ ಹಾಗೆ ಸಂಕೋಚದಲ್ಲಿ ಇದ್ದು ತೀರಿಕೊಂಡರು.

ಅಕ್ಕ, ನಿಮ್ಮನ್ನು ನೀವೇ ಕೇಳಿಕೊಳ್ಳುವ ಅವಕಾಶ ಇದೆ. ಇಬ್ಬರೂ ಓಡಾಡುತ್ತಿದ್ದೀರಿ. ಈಗಲೇ ತೀರ್ಮಾನ ಮಾಡಿ. ಒಬ್ಬರೇ ಉಳಿದ ಮೇಲೆ, ಇಲ್ಲ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ, ಬೇರೆಯವರು ತೀರ್ಮಾನ ಮಾಡುತ್ತಾರೆ.

ಹಾರಂಗಿ ದಂಡೆ

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು. ಅಲ್ಲಿಗೆ ಹೋಗುವುದಾದರೆ ಕ್ರಯ ಬೇಡ. ಬಾಡಿಗೆಗೆ ಹೋಗಿ, ಅದೂ ಮಳೆಗಾಲಕ್ಕೆ. ಜೂನ್ ಮೊದಲ ವಾರ ಹೋದರೆ ಮೂರು ತಿಂಗಳಿಗೆ ಸರಿಯಾಗಿ ಕೈಲ್ ಮುಹೂರ್ತದ ಹೊತ್ತಿಗೆ ವಾಪಸ್. ಕುಯ್ಲಿಗೆ ಯಜಮಾನರು ಊರಿನಲ್ಲೇ ಇರುತ್ತಾರೆ. ಭಯ ಇರುವುದು ಮಳೆಗಾಲದ್ದು ತಾನೇ?

ಸೋಮವಾರಪೇಟೆ ಮೇಷ್ಟ್ರು

ಇದು ನನಗೂ ಸರಿ ಕಾಣುತ್ತದೆ. ತಿಂಗಳಿಗೆ 60 ಸಾವಿರದ ಲೆಕ್ಕದಲ್ಲಿ ಮೂರು ತಿಂಗಳಿಗೆ 1 ಲಕ್ಷ 80 ಸಾವಿರ. ಈಗಿನ ಮೆಣಸಿನ ದುಡ್ಡಲ್ಲಿ ನಿಭಾಯಿಸಬಹುದು. ಆದರೆ ಮಳೆಗಾಲದಲ್ಲಿ ಮನೆ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಯಾರಾದರೂ ವಾರಕ್ಕೊಮ್ಮೆ ಬಾಗಿಲು ತೆಗೆದು ಒಲೆ ಉರಿಸಬೇಕು.

ಕಾಗದಪತ್ರ

ಮನೆಯಲ್ಲಿ ಕೋವಿ ಇದ್ದರೆ, ಬೀಗ ಹಾಕಿ ಹೊರಡುವ ಮೊದಲು ಠಾಣೆಯಲ್ಲಿ ವಿಚಾರಿಸಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ 2029ರವರೆಗೆ ಇದೆ ನಿಜ, ಆದರೆ ಖಾಲಿ ಮನೆಯಲ್ಲಿ ಬಿಟ್ಟು ಹೋಗಬೇಡಿ. ಹೊರ ಜಿಲ್ಲೆಗೆ ಕೇಳದೆ ಒಯ್ಯಲೂಬೇಡಿ.

ಗೋಣಿಕೊಪ್ಪ ಸಿಸ್ಟರ್

ಮಳೆಗಾಲಕ್ಕೆ ಮಾತ್ರ ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಎದೆನೋವು ಜನವರಿಯಲ್ಲೂ ಬರುತ್ತದೆ. ಆದರೆ ಏನೂ ಮಾಡದೆ ಇರುವುದಕ್ಕಿಂತ ಇದು ವಾಸಿ. ಆ ಮೂರು ತಿಂಗಳಲ್ಲಿ ಮೈಸೂರಿನ ಒಬ್ಬ ಹೃದಯದ ಡಾಕ್ಟರ್ ಹತ್ತಿರ ಕಾಯಂ ತೋರಿಸುವ ವ್ಯವಸ್ಥೆ ಮಾಡಿಕೊಳ್ಳಿ. ಕುಯ್ಲಿನ ಸಮಯದಲ್ಲಿ ರಾತ್ರಿ ಬರುವ ಒಬ್ಬ ಡ್ರೈವರ್‌ನನ್ನು ಊರಿನಲ್ಲೇ ಗೊತ್ತು ಮಾಡಿ, ತಿಂಗಳಿಗೆ ಏನಾದರೂ ಕೊಡುತ್ತಿರಿ. ಬರೀ ನಂಬರ್ ಇಟ್ಟುಕೊಂಡರೆ ಅವನು ಕಾಯುವುದಿಲ್ಲ.

ಕಕ್ಕಬೆ ಅಕ್ಕ

ಮನೆಯವರು ಒಪ್ಪಿದ್ದಾರೆ. "ನಿನ್ನಿಷ್ಟ" ಅನ್ನಲಿಲ್ಲ. "ಜೂನ್‌ನಲ್ಲಿ ಹೋಗೋಣ, ಗೊಬ್ಬರ ಹಾಕಿಸಿ ಹೋಗೋಣ" ಅಂದರು. ಮಗಳಿಗೆ ಹೇಳಿದೆ, ಅವಳು ಫೋನಿನಲ್ಲೇ ಅತ್ತಳು. ಹಿಂದೆ ಖಾಲಿ ಜಾಗ ಇದೆಯಾ ಅಂತ ಕೇಳಲು ಅವಳಿಗೇ ಹೇಳಿದ್ದೇನೆ. ಮಾಂಸದ ಅಡಿಗೆ ಮನೆಯೊಳಗೆ ಮಾಡಬಹುದಂತೆ, ಅದನ್ನು ಮೇಲ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿದ್ದೇವೆ. ಹಾಸಿಗೆ ಹಿಡಿದರೆ ಏನು ಅನ್ನುವ ಪ್ರಶ್ನೆಗೆ ಮಾತ್ರ ಇನ್ನೂ ಸರಿಯಾದ ಉತ್ತರ ಬಂದಿಲ್ಲ. "ಆಗ ನೋಡೋಣ ಮೇಡಂ" ಅಂದರು. ಅದಕ್ಕೆ ಉತ್ತರ ಬರುವವರೆಗೆ ಕ್ರಯದ ಮಾತೇ ಇಲ್ಲ.

ಮನೆ ತೆಗೆದು ಒಲೆ ಉರಿಸಲು ನಾದಿನಿ ಒಪ್ಪಿದ್ದಾಳೆ. ಉಳಿದದ್ದು ನಮ್ಮ ನಾಯಿ. ಹನ್ನೊಂದು ವರ್ಷದ್ದು, ನಮ್ಮಿಬ್ಬರನ್ನು ಬಿಟ್ಟು ಊಟ ಮಾಡುವುದಿಲ್ಲ. ಕರೆದುಕೊಂಡು ಬರಬಹುದು ಅಂತ ಆಫೀಸಿನಲ್ಲಿ ಬಾಯಲ್ಲಿ ಹೇಳಿದರು. ನಿಯಮದ ಪುಸ್ತಕದಲ್ಲಿ ನಾಯಿ ವಿಷಯ ಎಲ್ಲೂ ಇಲ್ಲ. ಸರ್, ಏನು ಮಾಡಲಿ?

ಕಾಗದಪತ್ರ

ಬಾಡಿಗೆ ಕರಾರಿನಲ್ಲೇ ಸೇರಿಸಲು ಹೇಳಿ ಅಕ್ಕ. ನಾಯಿಯ ವಯಸ್ಸು, ಚುಚ್ಚುಮದ್ದು ಹಾಕಿಸಿದ ತಾರೀಖು ಸಮೇತ. ಕರಡು ಬಂದ ಮೇಲೆ ನನಗೆ ಮೆಸೇಜ್ ಮಾಡಿ, ಸಹಿ ಹಾಕುವ ಮೊದಲು ಒಂದು ಸಲ ನೋಡಿಕೊಡುತ್ತೇನೆ.